ಹಲಗೆಯ ನಡುವಿಗೆ ಬಡಿ

ನವೆಂಬರ್ 6

ದೊಡ್ಡಮ್ಮನವರಿಗೆ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಐದನೆಯ ತರಗತಿ ಬಿಟ್ಟ ಮೇಲೆ ಗೋಡೆಯ ಮೇಲಿನ ಲೆಕ್ಕ ಬಿಟ್ಟರೆ ಬೇರೇನೂ ಬರೆದವಳಲ್ಲ. ಕಾಗುಣಿತ ಎಲ್ಲೆಲ್ಲಿ ತಪ್ಪಿದೆಯೋ ಅಲ್ಲೆಲ್ಲ ನೀವೇ ಸರಿ ಮಾಡಿಕೊಂಡು ಓದಬೇಕು. ನಿಮ್ಮೆದುರು ನಿಂತರೂ ನನಗೆ ಬಾಯಿ ಬರುತ್ತಿರಲಿಲ್ಲ. ಕಾಗದದಲ್ಲಾದರೂ ಎರಡು ಮಾತು ಹೇಳೋಣವೆಂದು ಕುಳಿತಿದ್ದೇನೆ.

ಕೆಲಸಕ್ಕೆ ಸೇರಿ ಆರು ದಿನವಾಯಿತು. ನಿಮ್ಮ ಮರದ ಸುತ್ತಿಗೆಯನ್ನೇ ನನಗೆ ಕೊಟ್ಟಿದ್ದಾರೆ. ಅದರ ಹಿಡಿಯಲ್ಲಿ ನಿಮ್ಮ ಹೆಬ್ಬೆರಳಿನ ಗುಳಿ ಇದೆ. ನನ್ನ ಬೆರಳು ಅದರೊಳಗೆ ಇನ್ನೂ ಸರಿಯಾಗಿ ಕೂರುವುದಿಲ್ಲ. ಬೆಳಿಗ್ಗೆ ಐದಕ್ಕೆ ಕಾವಲುಗಾರರು ಗೇಟು ತೆಗೆಯುತ್ತಾರೆ. ಕಡಲಿನ ಮೇಲಿನ ನಮ್ಮ ಮರದ ಜೆಟ್ಟಿಗೆ ಜನ ಬರುವ ಮುಂಚೆ, ಅಂದರೆ ಏಳರೊಳಗೆ, ಮುನ್ನೂರ ಇಪ್ಪತ್ತು ಹಲಗೆಗಳನ್ನೂ ಬಡಿದು ಸದ್ದು ಕೇಳಿ, ಗಟ್ಟಿ ಇದ್ದುದಕ್ಕೆ ಪುಸ್ತಕದಲ್ಲಿ ಗುರುತು ಹಾಕುತ್ತೇನೆ, ಕೆಟ್ಟದ್ದರ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತೇನೆ. ನೀವು ಹೇಳಿಕೊಟ್ಟದ್ದು ಮರೆತಿಲ್ಲ. ಹಲಗೆಯ ತುದಿ ತೊಲೆಯ ಮೇಲೆ ಕೂತಿರುತ್ತದೆ, ಅಲ್ಲಿ ಬಡಿದರೆ ಎಂಥ ಕೊಳೆತ ಹಲಗೆಯೂ ಚೆನ್ನಾಗಿದ್ದೇನೆ ಅನ್ನುತ್ತದೆ. ನಡುವಿಗೆ ಬಡಿ, ನಿಜ ಹೇಳುತ್ತದೆ.

ಎಂಜಿನಿಯರರು ಮೂರು ತಿಂಗಳು ನೋಡುತ್ತಾರಂತೆ. ಜನವರಿ ಕೊನೆಯಲ್ಲಿ ಅವರೇ ನನ್ನ ಹಿಂದೆ ನಡೆದು ಬರುತ್ತಾರೆ. ಒಪ್ಪಿಗೆಯಾದರೆ ಕೆಲಸ ಖಾಯಂ. "ನಿನ್ನ ದೊಡ್ಡಮ್ಮ ಇಪ್ಪತ್ತೊಂಬತ್ತು ವರ್ಷದಲ್ಲಿ ಒಬ್ಬರ ಕಾಲೂ ಜಾರೋಕೆ ಬಿಟ್ಟಿಲ್ಲ, ಗೊತ್ತಲ್ಲ?" ಎಂದರು. ನಾನು ತಲೆಯಾಡಿಸಿದೆ. "ಬಾಯಲ್ಲಿ ಹೇಳಮ್ಮಾ" ಎಂದರು. ಅದಕ್ಕೂ ತಲೆಯಾಡಿಸಿದೆ.

ಬಣ್ಣದಂಗಡಿಯ ಮೇಲಿನ ನಮ್ಮ ಕೋಣೆ ಹಾಗೇ ಇದೆ. ನಿಮ್ಮ ಮಂಚದ ಮೇಲೆ ಮಲಗುತ್ತಿಲ್ಲ, ನನ್ನ ಚಾಪೆಯೇ ಸಾಕು. ನೀವು ನನ್ನನ್ನು ಏಳು ವರ್ಷದವಳಿದ್ದಾಗಿಂದ ಸಾಕಿ, ಮೊಣಕಾಲು ನೋವೆಂದು ಮಾವನ ಊರಿಗೆ ಹೋಗುವಾಗ ಕೆಲಸವನ್ನೂ ಕೊಟ್ಟು ಹೋದಿರಿ. ಇದನ್ನು ಹೇಳಬೇಕೆಂದೇ ಈ ಕಾಗದ.

ಜೆಟ್ಟಿಯ ಕೊನೆಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ, ಮಡಿಸುವ ಸ್ಟೂಲು ಹಾಕಿಕೊಂಡು ಒಬ್ಬ ವಯಸ್ಸಾದವರು ಕೂರುತ್ತಾರೆ. ತೊಡೆಯ ಮೇಲೆ ಮುಚ್ಚಿದ ಕೊಡೆ. ಕಾವಲುಗಾರರು ಅವರೊಬ್ಬರನ್ನು ಮಾತ್ರ ಬೇಗ ಒಳಗೆ ಬಿಡುತ್ತಾರೆ. ನಾನು ಅಲ್ಲಿಗೆ ಮುಟ್ಟುವ ಮುಂಚೆಯೇ ಬಂದಿರುತ್ತಾರೆ, ನಾನು ಸುತ್ತಿಗೆ ಒಳಗಿಟ್ಟ ಮೇಲೆಯೇ ಹೋಗುತ್ತಾರೆ. ನಿಮಗೆ ಗೊತ್ತಿರಬಹುದು.

ನಿಮ್ಮ ಮೊಣಕಾಲು ಹೇಗಿದೆ? ಮಾವನಿಗೆ ನಮಸ್ಕಾರ ಹೇಳಿ.

ನಿಮ್ಮ ಮಗಳು


ನವೆಂಬರ್ 17

ಇಲಿಮರಿಗೆ ಆಶೀರ್ವಾದ.

ನಿನ್ನ ಅಕ್ಷರ ಒದ್ದೆ ಮರಳಿನ ಮೇಲೆ ಏಡಿ ಓಡಿದ ಹಾಗಿದೆ. ನನ್ನ ಕೈಲಿ ಓದಲಾಗಲಿಲ್ಲ. ಪಕ್ಕದ ಮನೆಯ ಗಡಿಯಾರ ರಿಪೇರಿಯವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಓದಿ ಹೇಳಿದರು. ಈ ಕಾಗದವನ್ನು ಬರೆಯುತ್ತಿರುವವರೂ ಅವರೇ. ಆದ್ದರಿಂದ ಮನೆ ಮಾತು ಹೆಚ್ಚು ಬರೆಸುವುದಿಲ್ಲ.

ಮೊಣಕಾಲು ಇದೆ, ನಾನೂ ಇದ್ದೇನೆ. ಇಲ್ಲಿ ಎತ್ತ ನೋಡಿದರೂ ನೆಲ. ಇಷ್ಟು ಗಟ್ಟಿ ನೆಲದ ಮೇಲೆ ನಡೆದು ನನಗೆ ಅಭ್ಯಾಸವೇ ಇಲ್ಲ. ನಿನ್ನ ಮಾವನ ಹೆಂಡತಿ ಒಳ್ಳೆಯವಳು, ಸ್ವಲ್ಪ ಮೆಲ್ಲಗೆ ಮಾತಾಡುತ್ತಾಳೆ, ಅಷ್ಟೇ.

ಮಂಚದ ಮೇಲೆ ಮಲಗು. ಅದೇನು ಗೊಂಬೆ ಇಟ್ಟು ನೋಡುವ ಗೂಡಲ್ಲ.

ಆ ಕೊಡೆಯ ಮನುಷ್ಯ ನನಗೆ ಗೊತ್ತು. ಮೊಂಡ. ಅವನ ವಿಷಯ ಬಿಡು. ಆ ನಲ್ಲಿಯ ಪಕ್ಕದ ನಾಲ್ಕು ಹಲಗೆಗಳು, ಮುನ್ನೂರ ಹತ್ತರಿಂದ ಹದಿಮೂರು, ಹೇಗೆ ಸದ್ದು ಮಾಡುತ್ತಿವೆ ಎಂದು ಬರೆ. ಸಮುದ್ರದ ಉಪ್ಪು ನೀರು ನಮ್ಮ ಮರಕ್ಕೆ ಅಷ್ಟು ಕೇಡು ಮಾಡದು. ನಲ್ಲಿಯಿಂದ ತೊಟ್ಟಿಕ್ಕುವ ಸಿಹಿ ನೀರೇ ಒಳಗಿಂದ ತಿನ್ನುವುದು. ಮರೆಯದೆ ಬರೆ.

ದೊಡ್ಡಮ್ಮ

(ಬರೆದವನ ಒಂದು ಮಾತು: ನಿನ್ನ ಅಕ್ಷರ ಅಷ್ಟೇನೂ ಕೆಟ್ಟದಾಗಿಲ್ಲಮ್ಮ. ಹೆಂಗಸರ ಕೈಗಡಿಯಾರದ ಒಳಗನ್ನು ನೋಡಿದವನಿಗೆ ಇದು ದೊಡ್ಡ ಅಕ್ಷರವೇ.)


ನವೆಂಬರ್ 29

ದೊಡ್ಡಮ್ಮನವರಿಗೆ ನಮಸ್ಕಾರಗಳು. ಗಡಿಯಾರದವರಿಗೂ ನಮಸ್ಕಾರ.

ಈ ಸಲ ಒಂದೊಂದೇ ಅಕ್ಷರವನ್ನು ನಿಧಾನವಾಗಿ ಬರೆಯುತ್ತಿದ್ದೇನೆ.

ನಲವತ್ತೊಂದನೆಯ ಹಲಗೆಯ ಮೇಲೆ ಗೆರೆ ಎಳೆದೆ. ಬಡಿದಾಗ ದಬ್ ಎಂದಿತು. ಬಡಗಿಯಣ್ಣ ನಂಬಲಿಲ್ಲ. "ಮೇಲಿಂದ ಮದುಮಗನ ಥರಾ ಇದೆಯಲ್ಲೇ!" ಎಂದರು. ಕಿತ್ತು ತಿರುಗಿಸಿದರೆ ಅಡಿಭಾಗ ಪುಡಿಪುಡಿ. ಆಮೇಲೆ ತಮ್ಮ ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಟೀ ಕೊಟ್ಟರು. ನೂರ ಇಪ್ಪತ್ತು ಗಟ್ಟಿಯಾಗಿದೆ. ಎರಡನೆಯ ದೀಪದ ಕಂಬದ ಬುಡದ್ದು ಸ್ವಲ್ಪ ಗೊಣಗುತ್ತದೆ, ಮೊಳೆ ಸಡಿಲ. ಕೊನೆಯ ಮೆಟ್ಟಿಲಿನ ಹತ್ತಿರದವು ಗಂಟೆ ಹೊಡೆದ ಹಾಗೆ ಟಣ್ ಎನ್ನುತ್ತವೆ.

ಉಳಿದವೆಲ್ಲ ಚೆನ್ನಾಗಿವೆ.

ಭಾನುವಾರ ಸಂಜೆ ನಾನೂ ಜನರ ಹಾಗೆ ಜೆಟ್ಟಿಗೆ ಹೋದೆ. ಬೆಳಿಗ್ಗೆ ಬರೀ ಮರ, ಸಂಜೆ ಅದರ ತುಂಬ ಚಪ್ಪಲಿ. ಒಬ್ಬಳು ತಾಯಿ ಮೊದಲ ಸಲ ನಡೆಯುವ ಮಗುವನ್ನು ಹಲಗೆಯ ಮೇಲೆ ಬಿಟ್ಟು ಎರಡೂ ಕೈ ಚಾಚಿ ಕೂತಿದ್ದಳು. ಹೊಸ ಗಂಡ ಹೆಂಡತಿ ಕಂಬಿಗೆ ಒರಗಿ ಜಗಳವಾಡುತ್ತಿದ್ದರು. ಯಾರೂ ಒಂದು ಸಲವೂ ಕೆಳಗೆ ನೋಡಲಿಲ್ಲ. ನೀವಿದ್ದುದರಿಂದಲೇ ಇಷ್ಟು ವರ್ಷ ಅವರು ನೋಡಬೇಕಾಗಿ ಬರಲಿಲ್ಲ ಎಂದು ಅನ್ನಿಸಿತು. ಅವರು ನಿಮಗೆ ಹೇಳಬೇಕಾದ್ದನ್ನು ನಾನೇ ಹೇಳಿಬಿಡುತ್ತೇನೆ: ದೊಡ್ಡ ಉಪಕಾರವಾಯಿತು.

ಮಂಚದ ಮೇಲೆ ಮಲಗಿದೆ. ನಿದ್ದೆ ಬರಲಿಲ್ಲ, ಬೆನ್ನು ನೋಯಿತು. ಆದರೂ ಮಲಗುತ್ತೇನೆ.

ನಿಮ್ಮ ಮಗಳು


ಡಿಸೆಂಬರ್ 10

ಇಲಿಮರಿಗೆ,

ನಲವತ್ತೊಂದು ಸಿಕ್ಕಿದ್ದು ಸಂತೋಷ. ಬಡಗಿ ಯಾರಿಗೂ ಸುಲಭವಾಗಿ ಟೀ ಕೊಡುವವನಲ್ಲ.

ನಾನು ಕೇಳಿದ್ದು ನಲ್ಲಿಯ ಪಕ್ಕದ ನಾಲ್ಕು. ನೀನು ದೀಪದ ಕಂಬದ ಮೊಳೆಯವರೆಗೆ ಬರೆದಿದ್ದೀಯೆ, ಅವನ್ನು ಬಿಟ್ಟಿದ್ದೀಯೆ. ಉಳಿದವೆಲ್ಲ ಅಂದರೆ ಅವೂ ಸೇರಿದವೋ, ಇಲ್ಲವೋ? ಹೇಳಲು ಕಷ್ಟವಾದ ಮಾತಿದ್ದರೂ ಹೇಳು. ನಾನೇನೂ ನಿನ್ನ ಮೇಲೆ ಕೋಪ ಮಾಡಿಕೊಳ್ಳುವುದಿಲ್ಲ.

ದೊಡ್ಡಮ್ಮ

(ಬರೆದವನ ಮಾತು: ನಿನ್ನ ಕಾಗದವನ್ನು ನಾನು ಈ ಸಲ ಎರಡೆರಡು ಸಲ ಓದಬೇಕಾಯಿತು, ಅದೂ ಕೂಗಿ. ಬೀದಿಯವರಿಗೆಲ್ಲ ಈಗ ನಲವತ್ತೊಂದನೆಯ ಹಲಗೆಯ ಕಥೆ ಗೊತ್ತು. ಉಪಕಾರವಾಯಿತು ಎಂಬ ಸಾಲನ್ನಂತೂ ಮೂರು ಸಲ.)


ಡಿಸೆಂಬರ್ 21

ದೊಡ್ಡಮ್ಮನವರಿಗೆ ನಮಸ್ಕಾರಗಳು.

ಗಡಿಯಾರದವರ ಸಾಲು ಓದಿ ಒಬ್ಬಳೇ ನಕ್ಕೆ. ನನ್ನ ಹೊಗಳಿಕೆ ಕೇಳಲು ನೀವು ಬೇಕೆಂದೇ ಮೂರು ಸಲ ಓದಿಸಿದ್ದೀರಿ ಅಲ್ಲವೇ? ಇಲ್ಲಿದ್ದಾಗ ಹೊಗಳಿದರೆ ಸೌಟು ಎತ್ತುತ್ತಿದ್ದಿರಿ.

ಈಗ ಶಾಲೆಗಳಿಗೆ ರಜೆ. ಜೆಟ್ಟಿ ತುಂಬಿ ತುಳುಕುತ್ತಿದೆ. ಮಕ್ಕಳೆಲ್ಲ ನಲ್ಲಿಯ ಹತ್ತಿರ ನೀರು ಎರಚಿಕೊಂಡು ಕುಣಿಯುತ್ತಾರೆ. ನಾನು ಸಂಜೆ ಹೋಗಿ ಕಂಬಿಯ ಹತ್ತಿರ ನಿಂತು ಅವರ ಕಾಲನ್ನೇ ನೋಡುತ್ತಿರುತ್ತೇನೆ. ನಿನ್ನೆ ಒಬ್ಬ ತಂದೆ "ಏನಮ್ಮಾ, ಏನಾದ್ರೂ ಬೀಳಿಸ್ಕೊಂಡ್ಯಾ?" ಎಂದು ಕೇಳಿದರು. ಇಲ್ಲ ಎಂದೆ.

ಎಂಜಿನಿಯರರು ಜನವರಿ ಮೂವತ್ತಕ್ಕೆ ಬರುತ್ತಾರೆ.

ಹೆಚ್ಚೇನೂ ಬರೆಯಲು ತೋಚುತ್ತಿಲ್ಲ. ನೀವು ಆರೋಗ್ಯವಾಗಿರಿ.

ನಿಮ್ಮ ಮಗಳು


ಜನವರಿ 2

ಮಗಳೇ,

ಇದನ್ನು ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ. ಎರಡನೆಯ ತರಗತಿಯವಳ ಬರಹ, ಹೇಗಾದರೂ ಓದಿಕೋ. ಗಡಿಯಾರದವರ ಕೈಯಲ್ಲಿ ಬರೆಸುವ ಮಾತಲ್ಲ.

ಮೂರು ಕಾಗದದಲ್ಲೂ ನೀನು ಆ ನಾಲ್ಕು ಹಲಗೆಗಳ ಮಾತು ಎತ್ತಲಿಲ್ಲ. ನನಗೆ ಅರ್ಥವಾಯಿತು. ಅವು ಕೆಟ್ಟಿವೆ. ನಿನಗೆ ಮೊದಲ ದಿನವೇ ಗೊತ್ತಾಗಿದೆ. ಗೆರೆ ಎಳೆದರೆ, ಇದು ಎರಡು ತಿಂಗಳಲ್ಲಿ ಕೊಳೆತದ್ದಲ್ಲ, ಹಳೆಯವಳು ಹೇಗೆ ಬಿಟ್ಟಳು ಎಂದು ಕೇಳುತ್ತಾರೆ. ನನ್ನ ಮಾನ ಉಳಿಸಲು ನೀನು ಬಾಯಿ ಮುಚ್ಚಿಕೊಂಡಿದ್ದೀಯೆ.

ಹಳೆಯವಳು ಹೇಗೆ ಬಿಟ್ಟಳು ಎಂದು ಹೇಳುತ್ತೇನೆ. ನಾನು ಕೆಲಸ ಬಿಟ್ಟದ್ದು ಮೊಣಕಾಲಿಗಾಗಿ ಅಲ್ಲ. ಕಿವಿ ಹೋಗಿದೆ. ಬಲಗಿವಿ ಪೂರ್ತಿ, ಎಡಗಿವಿ ಮುಕ್ಕಾಲು. ಕೊನೆಯ ಒಂದು ವರ್ಷ ನಾನು ಹಲಗೆಯನ್ನು ಕೇಳಲೇ ಇಲ್ಲ. ಚಪ್ಪಲಿ ಬಿಟ್ಟು ನಿಂತು ಬಡಿಯುತ್ತಿದ್ದೆ. ಗಟ್ಟಿ ಹಲಗೆಯಾದರೆ ಅಂಗಾಲಿಗೆ ಚುರುಕಾಗಿ ಬಂದು ಮುಟ್ಟುತ್ತದೆ, ಕೆಟ್ಟದ್ದಾದರೆ ಅಲ್ಲೇ ಸತ್ತುಹೋಗುತ್ತದೆ. ನಲ್ಲಿಯ ಪಕ್ಕದವು ಅಕ್ಟೋಬರಿನಲ್ಲಿ ನನಗೆ ಅನುಮಾನ ಹುಟ್ಟಿಸಿದವು. ಗೆರೆ ಎಳೆಯಲು ಬಗ್ಗಿದೆ. ಗೆರೆ ಎಳೆದು, ಬಡಗಿ ಕಿತ್ತು ನೋಡಿ, ಹಲಗೆ ಚೆನ್ನಾಗಿದ್ದರೆ? ನನ್ನ ಕಿವಿಯ ಗುಟ್ಟು ರಟ್ಟಾಗುತ್ತದೆ, ಕಿವುಡಿಯ ಶಿಫಾರಸಿಗೆ ಬೆಲೆಯಿಲ್ಲ, ನಿನಗೆ ಕೆಲಸ ಸಿಗುವುದಿಲ್ಲ. ಎದ್ದು ಬಂದುಬಿಟ್ಟೆ. ನಿನ್ನ ಕಿವಿ ಚುರುಕು, ನೀನು ಬಂದ ವಾರದಲ್ಲೇ ಹಿಡಿಯುತ್ತೀಯೆ ಅಂದುಕೊಂಡೆ. ನೀನು ಹಿಡಿದೂ ನನಗಾಗಿ ಬಿಡುತ್ತೀಯೆ ಎಂದು ಯೋಚಿಸಲಿಲ್ಲ.

ಅಲ್ಲಿ ಮಕ್ಕಳು ಕುಣಿಯುತ್ತಾರೆ ಎಂದು ಬರೆದಿದ್ದೀಯೆ. ನನಗೆ ಅನ್ನ ಸೇರುತ್ತಿಲ್ಲ.

ಕಾಗದ ಮುಟ್ಟಿದ ಕೂಡಲೇ ಗೆರೆ ಎಳೆ. ಎಂಜಿನಿಯರರಿಗೂ ಬರೆಯಬೇಕು, ಅದಕ್ಕೆ ನನಗೆ ಇನ್ನೂ ಒಂದೆರಡು ದಿನ ಬೇಕು. ನನ್ನ ಮಾನ ಹೋಗಲಿ, ಅದು ನನ್ನದು.

ದೊಡ್ಡಮ್ಮ


ಜನವರಿ 10

ದೊಡ್ಡಮ್ಮನವರಿಗೆ,

ಮೊದಲು ಇದನ್ನು ಓದಿ: ಯಾರಿಗೂ ಏನೂ ಆಗಿಲ್ಲ. ಈಗ ಅನ್ನ ತಿನ್ನಿ.

ನಿಮ್ಮ ಕಾಗದ ಮೊನ್ನೆ ಸಂಜೆ, ಜೆಟ್ಟಿಯ ಗೇಟಿಗೆ ಬೀಗ ಬಿದ್ದ ಮೇಲೆ ಕೈಗೆ ಬಂತು. ಓದಿ ನನ್ನ ಎದೆ ಒಡೆದೇಹೋಯಿತು. ನಿಮ್ಮ ಕಿವಿಗಾಗಿ ಮಾತ್ರವಲ್ಲ. ನೀವು ನನ್ನನ್ನು ತುಂಬ ಒಳ್ಳೆಯವಳು ಅಂದುಕೊಂಡಿದ್ದೀರಿ, ಅದಕ್ಕಾಗಿ. ದೊಡ್ಡಮ್ಮ, ನಾನು ನಿಮ್ಮ ಮಾನ ಉಳಿಸಲಿಲ್ಲ. ಆ ನಾಲ್ಕು ಹಲಗೆಗಳನ್ನು ನಾನು ಒಂದು ದಿನವೂ ಸರಿಯಾಗಿ ಬಡಿದೇ ಇಲ್ಲ. ಅವುಗಳ ಮೇಲೆ ಕೊಡೆಯವರು ಕೂತಿರುತ್ತಾರೆ. "ಸ್ವಲ್ಪ ಏಳಿ" ಎಂದು ಅವರಿಗೆ ಹೇಳಲು ನನಗೆ ನಾಚಿಕೆಯಾಯಿತು. ಅಷ್ಟೇ. ಮೊದಲ ದಿನ ನಾಳೆ ಹೇಳೋಣವೆಂದುಕೊಂಡೆ. ಎರಡನೆಯ ದಿನ, ನಿನ್ನೆ ಹೇಳದವಳು ಇವತ್ತು ಹೇಗೆ ಹೇಳುವುದು ಎಂದಾಯಿತು. ಹತ್ತನೆಯ ದಿನಕ್ಕೆ ಅವರು ನನ್ನ ಪಾಲಿಗೆ ದೀಪದ ಕಂಬವಾಗಿಬಿಟ್ಟರು. ಅವರ ಬದಿಯಿಂದ ಕೈ ಚಾಚಿ ಹಲಗೆಯ ತುದಿಗೆ ಬಡಿಯುತ್ತಿದ್ದೆ. ತುದಿ ಚೆನ್ನಾಗಿದ್ದೇನೆ ಎನ್ನುತ್ತಿತ್ತು. ಅದು ಸುಳ್ಳು ಹೇಳುತ್ತದೆ ಎಂದು ನಿಮಗೇ ಬರೆದವಳು, ಅದನ್ನೇ ನಂಬಿ ದಿನಾ ಪುಸ್ತಕದಲ್ಲಿ ಗುರುತು ಹಾಕಿದೆ.

ನಿನ್ನೆ ಬೆಳಿಗ್ಗೆ ಗೇಟು ತೆಗೆದಾಗ ಓಡಿದೆ. ಆದರೆ ಸುತ್ತಿಗೆಯ ಕೋಣೆಯ ಬಾಗಿಲು ಉಬ್ಬಿ ಅಂಟಿಕೊಂಡಿತ್ತು. ಅದನ್ನು ಒದ್ದು ತೆಗೆಯುವಷ್ಟರಲ್ಲಿ ಅವರು ಹೋಗಿ ಸ್ಟೂಲು ಹಾಕಿ ಕೂತಿದ್ದರು. ಮೊದಲನೆಯ ಹಲಗೆಯಿಂದ ಮುನ್ನೂರ ಒಂಬತ್ತರವರೆಗೆ ಒಂದನ್ನೂ ಬಡಿಯದೆ ಹೋಗಿ ಅವರೆದುರು ನಿಂತೆ.

"ಏಳಿ" ಎಂದೆ. ಗಾಳಿಯಲ್ಲಿ ನನಗೇ ಕೇಳಲಿಲ್ಲ.

"ಏನಮ್ಮಾ?"

"ಏಳಿ! ಎದ್ದೇಳೀ! ಆ ಹಲಗೆ ಬಿಟ್ಟು ಈ ಕಡೆ ಬನ್ನಿ!"

ನನ್ನ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಎಲ್ಲಿ ಅಡಗಿತ್ತೋ. ಕಂಬಿಯ ಮೇಲಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಕಾವಲುಗಾರರು ಯಾರೋ ನೀರಿಗೆ ಬಿದ್ದರೆಂದು ಹಗ್ಗ ಹಿಡಿದು ಓಡಿಬಂದರು. ಕೊಡೆಯವರು ಎದ್ದರು, ಸ್ಟೂಲು ಮಡಿಸಿದರು, ನನ್ನ ಪಕ್ಕಕ್ಕೆ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ನಗುತ್ತಿದ್ದರು.

"ಅಂತೂ ಬಾಯಿ ಬಂತಲ್ಲ ನಿಂಗೆ" ಎಂದರು. "ಎರಡು ತಿಂಗಳಿಂದ ಕಾಯ್ತಾ ಇದೀನಿ."

"ಯಾಕೆ?"

"ನಿನ್ನ ದೊಡ್ಡಮ್ಮ ದಿನಾ ಎಬ್ಬಿಸ್ತಿದ್ಲು. 'ಏಳೋ ಪುಣ್ಯಾತ್ಮ, ನೀನೇನು ಈ ಜೆಟ್ಟಿಗೆ ಹೊಡೆದ ಮೊಳೆನಾ' ಅಂತ. ನಾನು 'ಏಳಲ್ಲ' ಅಂತಿದ್ದೆ. ಅವಳು ಸುತ್ತಿಗೆ ತೋರಿಸ್ತಿದ್ಲು. ಆಮೇಲೆ ಏಳ್ತಿದ್ದೆ. ನಲವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡ್ದೋನು ನಾನು, ದಿನಕ್ಕೆ ಅರವತ್ತು ಜನ ಬೈತಿದ್ರು. ಈಗ ಮನೇಲಿ ಬೈಯೋಕೂ ಒಬ್ಬರಿಲ್ಲ. ಬೆಳಿಗ್ಗೆ ಅವಳ ಬೈಗುಳ ತಿಂದರೇ ನನಗೆ ದಿನ ಶುರು. ನೀನು ಬಂದೆ, ಪಕ್ಕದಲ್ಲೇ ಪಿಳಿಪಿಳಿ ಅಂತ ನೋಡ್ಕೊಂಡು ಹೋಗ್ತೀಯ. ಈ ಮುದುಕನ್ನ ಮಾತಾಡಿಸಬೇಡ ಅಂತ ಆಫೀಸಿನವರು ಹೇಳಿರಬೇಕು ಅಂದ್ಕೊಂಡೆ."

ಬಗ್ಗಿ ನಡುವಿಗೆ ಬಡಿದೆ. ಮುನ್ನೂರ ಹತ್ತು, ದಬ್. ಹನ್ನೊಂದು, ದಬ್ ಎಂದೂ ಅನ್ನಲಿಲ್ಲ, ಒದ್ದೆ ಬಟ್ಟೆಗೆ ಬಡಿದ ಹಾಗಾಯಿತು. ಸುತ್ತಿಗೆಯ ಜೊತೆ ತಂದಿದ್ದ ಉಳಿ ಇಟ್ಟು ಒತ್ತಿದರೆ ಹಿಡಿಯವರೆಗೂ ಇಳಿಯಿತು. ಹನ್ನೆರಡೂ ಹಾಗೆಯೇ. ಹದಿಮೂರು ಮಾತ್ರ ಟಣ್ ಎಂದಿತು. ಕೊಡೆಯವರು ಆ ಉಳಿಯನ್ನು ನೋಡಿದರು, ಕೆಳಗಿನ ನೀರನ್ನು ನೋಡಿದರು, ಸ್ಟೂಲನ್ನು ಎದೆಗೆ ಅವಚಿಕೊಂಡರು.

"ನಾನು ಇದರ ಮೇಲೆ ಕೂತಿದ್ನಾ?"

"ಹೂಂ."

"ನಂಗೆ ಈಜೋಕೆ ಬರಲ್ಲ ಕಣಮ್ಮಾ. ನಲವತ್ತು ವರ್ಷ ಹಡಗಲ್ಲಿದ್ದೆ, ಯಾರಿಗೂ ಹೇಳಬೇಡ." ಆಮೇಲೆ ಕೈ ಮುಗಿದರು. ನನಗೆ! ನಾನು ಅವರ ಕೈ ಹಿಡಿದು ಕೆಳಗಿಳಿಸಿದೆ. ಎರಡು ತಿಂಗಳು ಅವರನ್ನು ಅಲ್ಲಿ ಕೂರಿಸಿದವಳು ನಾನು ಎಂದು ಹೇಳಿದೆ. "ಈಗ ಎಬ್ಬಿಸಿದೆಯಲ್ಲ" ಎಂದರು.

ನಾಲ್ಕೂ ಕಡೆ ಹಗ್ಗ ಕಟ್ಟಿ ಪುಸ್ತಕ ಹಿಡಿದು ಎಂಜಿನಿಯರರ ಹತ್ತಿರ ಹೋದೆ. ಸುಳ್ಳು ಗುರುತುಗಳನ್ನೆಲ್ಲ ತೋರಿಸಿದೆ. ನಿಮ್ಮ ಹೆಸರು ಎತ್ತಲಿಲ್ಲ. ಅವರು ತುಂಬ ಹೊತ್ತು ಪುಟ ತಿರುವಿದರು. "ಹೊರಗಿರು, ಹೇಳಿ ಕಳಿಸ್ತೀನಿ" ಎಂದರು. ಇನ್ನೂ ಹೇಳಿ ಕಳಿಸಿಲ್ಲ. ಕೆಲಸ ಹೋಗಬಹುದು. ಹೋದರೆ ನೀವು ಬೇಸರ ಮಾಡಿಕೊಳ್ಳಬೇಡಿ. ಎಂಜಿನಿಯರರಿಗೆ ಬರೆಯಲೂ ಬೇಡಿ. ನೀವು ಕಿವಿಯಿಲ್ಲದೆ, ಬರೀ ಕಾಲಿನಿಂದ ತಿಳಿದದ್ದನ್ನು ನಾನು ಎರಡು ಕಿವಿಯಿದ್ದೂ ತಿಳಿಯಲಿಲ್ಲ. ನಿಮ್ಮ ಕಾಗದ ಬಂದದ್ದರಿಂದ ಮೂರು ಹಲಗೆ ಸಿಕ್ಕವು, ಒಬ್ಬರು ಉಳಿದರು. ಇದಕ್ಕಿಂತ ಹೆಚ್ಚು ನನಗೆ ಹೇಳಲು ಬರುವುದಿಲ್ಲ.

ನಿಮ್ಮ ಮಗಳು


ಜನವರಿ 19

ಮಗಳೇ,

ನಿನ್ನ ಕಾಗದವನ್ನು ಗಡಿಯಾರದವರು ಕೂಗಿ ಓದಿದರು. ಓದುತ್ತಾ ಅವರ ದನಿ ನಿಂತುಹೋಯಿತು, ಕಿವಿ ಕೇಳದವಳಿಗೂ ಅದು ಗೊತ್ತಾಯಿತು. ಈ ಕಾಗದವನ್ನು ನಾನೇ ಬರೆಯುತ್ತಿದ್ದೇನೆ. ಅಭ್ಯಾಸವಾಗುತ್ತಿದೆ.

ನಾಚಿಕೆಯಂತೆ! ಅಲ್ಲ ಕಣೇ, ಆ ಮೊಂಡನನ್ನು ಏಳು ಅನ್ನಲು ನಾಚಿಕೆಯೇ? ಇಲ್ಲಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ. ಇದು ನನ್ನ ತಪ್ಪೂ ಹೌದು. ನಿನ್ನ ಪರವಾಗಿ ಅಂಗಡಿಯಲ್ಲೂ ಆಸ್ಪತ್ರೆಯಲ್ಲೂ ನಾನೇ ಮಾತಾಡಿ ಮಾತಾಡಿ ನಿನಗೆ ಬಾಯಿ ಬೇಕಾಗದ ಹಾಗೆ ಮಾಡಿದೆ.

ಎಂಜಿನಿಯರರಿಗೆ ಬರೆಯಬೇಡಿ ಎಂದಿದ್ದೀಯೆ. ನಾಲ್ಕನೆಯ ತಾರೀಖಿಗೇ ಬರೆದು ಹಾಕಿದ್ದೇನೆ, ನಿನ್ನ ಮಾತು ತಡವಾಯಿತು.

ಇನ್ನು ನನಗೆ ಮುಚ್ಚಿಡುವುದು ಏನೂ ಇಲ್ಲ. ಎಷ್ಟು ಹಗುರವಾಗಿದೆ ಗೊತ್ತೇ? ನಿನ್ನ ಮಾವನ ಹೆಂಡತಿಗೂ ಹೇಳಿದೆ. ಅವಳು ಅತ್ತಳು. ನಾನು ಅವಳ ಮೇಲಿನ ಸಿಟ್ಟಿನಿಂದ ಉತ್ತರ ಕೊಡುವುದಿಲ್ಲವೆಂದು ಇಷ್ಟು ದಿನ ತಿಳಿದಿದ್ದಳಂತೆ. ಈಗ ಮುಖದ ಎದುರು ನಿಂತು ಮಾತಾಡುತ್ತಾಳೆ. ಗಡಿಯಾರದವರು ಒಂದು ಗೋಡೆ ಗಡಿಯಾರದ ಮೇಲೆ ನನ್ನ ಕೈ ಇಡಿಸಿದರು. "ಇದು ಕುಂಟುತ್ತಿದೆ" ಎಂದೆ. ಅವರಿಗೆ ಅಲ್ಲಿಯವರೆಗೆ ಗೊತ್ತಾಗಿರಲಿಲ್ಲ. ವಾರಕ್ಕೆರಡು ದಿನ ಅಂಗಡಿಗೆ ಬನ್ನಿ ಎಂದಿದ್ದಾರೆ.

ಕೆಲಸ ಉಳಿದರೂ ಹೋದರೂ ಬರೆ.

ದೊಡ್ಡಮ್ಮ


ಫೆಬ್ರವರಿ 1

ದೊಡ್ಡಮ್ಮನವರಿಗೆ ನಮಸ್ಕಾರಗಳು.

ಎಂಜಿನಿಯರರು ಮೊನ್ನೆ ಕರೆದರು. ಮೇಜಿನ ಮೇಲೆ ಒಂದು ಕಡೆ ನನ್ನ ಪುಸ್ತಕ, ಇನ್ನೊಂದು ಕಡೆ ನಿಮ್ಮ ಕಾಗದ. "ಇರೋದು ನಾಲ್ಕು ಹಲಗೆ, ಅಪರಾಧಿಗಳು ಇಬ್ಬರು. ತಲೆಗೆ ಎರಡೆರಡು ಹಂಚಿಬಿಡಲಾ?" ಎಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ. ಆಮೇಲೆ ನಗುವಿಲ್ಲದೆ ಹೇಳಿದರು: "ಆ ಗುರುತುಗಳು ಚಿಕ್ಕ ವಿಷಯ ಅಲ್ಲ. ನೀನಾಗೇ ಬಂದು ತೋರಿಸಿದೆ ಅಂತ ಕೆಲಸದಲ್ಲಿ ಇಟ್ಕೊಂಡಿದೀನಿ. ಖಾಯಂ ಈಗ ಇಲ್ಲ. ಇನ್ನೂ ಮೂರು ತಿಂಗಳು ನೋಡ್ತೀನಿ."

"ಆಗಲಿ ಸರ್" ಎಂದೆ. ಬಾಯಲ್ಲೇ ಹೇಳಿದೆ.

ನಿಮ್ಮ ವಿಷಯವಾಗಿ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಒಂದು ವರ್ಷ ಬರೀ ಕಾಲಿನಲ್ಲಿ ಮುನ್ನೂರ ಹದಿನಾರು ಹಲಗೆ ಸರಿಯಾಗಿ ನೋಡಿದಾಳಲ್ಲ ಆ ಹೆಂಗಸು." ನಲವತ್ತೊಂದು ಮತ್ತು ಈ ಮೂರರ ಬಗ್ಗೆ ಏನೂ ಹೇಳಲಿಲ್ಲ. ನಿಮ್ಮ ಕಾಗದವನ್ನು ಕಡತದಲ್ಲಿ ಇಡಲಿಲ್ಲ, ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು. ನಲ್ಲಿಯನ್ನು ಅಲ್ಲಿಂದ ತೆಗೆಸಿ ದಡದ ಕಲ್ಲಿನ ಮೇಲೆ ಹಾಕಿಸುತ್ತಿದ್ದಾರೆ.

ಬಡಗಿಯಣ್ಣ ಹೊಸ ಹಲಗೆ ಕೂರಿಸಿದ್ದಾರೆ. ಹಳೆಯ ಮರದ ನಡುವೆ ಮೂರೂ ಬೆಳ್ಳಗೆ ಎದ್ದು ಕಾಣುತ್ತವೆ. ಕೊಡೆಯವರು ಮತ್ತೆ ಅಲ್ಲೇ ಕೂರುತ್ತಾರೆ. ದಿನಾ ನಾನು "ಏಳಿ" ಎನ್ನುತ್ತೇನೆ, ಅವರು "ಏಳಲ್ಲ" ಎನ್ನುತ್ತಾರೆ. ನನ್ನ ಬೈಗುಳಕ್ಕೆ ಇನ್ನೂ ಉಪ್ಪು ಸಾಲದಂತೆ. ನಿಮ್ಮನ್ನು ಕೇಳಿ ಎರಡು ಕಲಿತುಕೊ ಎಂದಿದ್ದಾರೆ. ದಯವಿಟ್ಟು ಬರೆದು ಕಳಿಸಿ.

ಇವತ್ತು ಬೆಳಿಗ್ಗೆ ಅವರು ಎದ್ದ ಮೇಲೆ ಸುತ್ತಿಗೆಯನ್ನು ಅವರ ಕೈಗೆ ಕೊಟ್ಟೆ. ಚಪ್ಪಲಿ ಬಿಟ್ಟು ಮುನ್ನೂರ ಹನ್ನೊಂದರ ಮೇಲೆ ನಿಂತು, ಎರಡೂ ಕಿವಿ ಬೆರಳಿನಿಂದ ಮುಚ್ಚಿಕೊಂಡು, ಕಣ್ಣು ಮುಚ್ಚಿ, "ನಡುವಿಗೆ ಬಡೀರಿ" ಎಂದೆ. ಬಡಿದರು. ಅಂಗಾಲಿಗೆ ಬಂದು ಮುಟ್ಟಿತು.

ನಿಮ್ಮ ಮಗಳು